ಚೀಲ ತುಂಬಿದರೆ ಸಾಲದು

ನನ್ನ ಗಂಡ ಟೇಲರ್. ಪ್ಯಾಂಟು ಹೊಲಿಯುವುದರಲ್ಲಿ ಎತ್ತಿದ ಕೈ, ಮಾತಿನಲ್ಲಿ ಅದಕ್ಕಿಂತ ಒಂದು ಕೈ ಮೇಲು. ಆರು ವರ್ಷದ ಹಿಂದೆ ಕ್ಯಾನ್ಸರ್ ಬಂದು ಇವರ ಮೂತ್ರಕೋಶವನ್ನೇ ತೆಗೆದುಹಾಕಿದರು. ಕರುಳಿನ ಒಂದು ತುಂಡಿನಿಂದ ಹೊಟ್ಟೆಯ ಮೇಲೆ ಹೊಸ ದಾರಿ ಮಾಡಿಕೊಟ್ಟರು. ಅಂದಿನಿಂದ ಮೂತ್ರ ಹೊಟ್ಟೆಗೆ ಅಂಟಿಸಿದ ಚೀಲಕ್ಕೆ ಬಂದು ಬೀಳುತ್ತದೆ. ಇದು ಜೀವನಪೂರ್ತಿ.

"ಕ್ಯಾನ್ಸರ್ ಹೋಯ್ತು. ಆದ್ರೆ ವರ್ಷ ವರ್ಷ ಬಂದು ಕಿಡ್ನಿ ತೋರಿಸ್ಬೇಕು" ಎಂದಿದ್ದರು ಡಾಕ್ಟರು. ಎರಡು ವರ್ಷ ಹೋದೆವು. ಆಮೇಲೆ ಇವರು ತಮ್ಮದೇ ಪರೀಕ್ಷೆ ಶುರು ಮಾಡಿದರು. ಅಳತೆಯವರಲ್ಲವೇ! ಚೀಲದ ಮೂತ್ರವನ್ನು ಗೆರೆಯಿರುವ ಜಗ್ಗಿಗೆ ಬಸಿದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಬಚ್ಚಲ ಗೋಡೆಯ ಮೇಲೆ ದಿನದ ಲೆಕ್ಕ ಬರೆಯುತ್ತಿದ್ದರು.

"ನೋಡೇ, ಒಂದೂವರೆ ಲೀಟರ್! ಕಿಡ್ನಿ ಕೆಟ್ಟಿದ್ರೆ ಇದೇನು ಆಕಾಶದಿಂದ ಬಂತಾ? ಅಂಗಡಿ ಬಾಗಿಲು ಹಾಕ್ಕೊಂಡು ಆಸ್ಪತ್ರೇಲಿ ಯಾಕೆ ಕೂತ್ಕೋಬೇಕು?"

ನಾನೂ ಹೂಂ ಅಂದೆ. ಆ ಜಗ್ಗು ತೊಳೆದಿಡುತ್ತಿದ್ದವಳು ನಾನೇ. ನನ್ನ ಬುದ್ಧಿಗೆ ಏನಾಗಿತ್ತೋ!

ನಾಲ್ಕು ವರ್ಷ ಹೀಗೇ ಕಳೆಯಿತು. ಈ ವರ್ಷ ಇವರಿಗೆ ಊಟ ಸೇರಲಿಲ್ಲ. ಮೆಷಿನ್ ತುಳಿದರೆ ಸುಸ್ತು. ಪಾದ ಊದಿ ಚಪ್ಪಲಿ ಹಿಡಿಸಲಿಲ್ಲ. ಇವರ ಆಪರೇಷನ್ ವಿಷಯ ಗೊತ್ತಿದ್ದ ನಮ್ಮ ಬೀದಿಯ ನರ್ಸಮ್ಮ, ಸಮವಸ್ತ್ರ ಸಡಿಲ ಮಾಡಿಸಲು ಅಂಗಡಿಗೆ ಬಂದವರು ಆ ಪಾದ ನೋಡಿದರು.

"ಅಣ್ಣಾ, ಕೊನೇ ಸಲ ರಕ್ತ ಪರೀಕ್ಷೆ ಮಾಡಿಸಿದ್ದು ಯಾವಾಗ?"

"ಯಾಕಮ್ಮಾ? ಚೀಲ ಚೆನ್ನಾಗೇ ತುಂಬ್ತಾ ಇದೆ, ದಿನಾ ಜಗ್ಗಲ್ಲಿ ಅಳೀತೀನಿ. ನೋವಿಲ್ಲ, ಏನಿಲ್ಲ."

"ಎಷ್ಟೋ ಸಲ ನೋವು ಇರಲ್ಲ ಅಣ್ಣಾ, ಅದೇ ಕಷ್ಟ. ಕಿಡ್ನಿಯಿಂದ ಬರೋ ನಾಳಾನ ಕರುಳಿಗೆ ಹೊಲಿದಿರ್ತಾರಲ್ಲ, ಆ ಜಾಗ ಮೆಲ್ಲಗೆ ಬಿಗಿಯಾಗಬಹುದು. ಮೂತ್ರ ಹಿಂದೆ ನಿಂತು ಕಿಡ್ನಿ ಊದ್ಕೊಂಡು ಕೆಡುತ್ತೆ. ಒಂದು ಕಿಡ್ನಿ ಸತ್ರೂ ಇನ್ನೊಂದು ಚೀಲ ತುಂಬಿಸ್ತಾ ಇರುತ್ತೆ. ನೀರೆಷ್ಟು ಅಂತ ನಿಮ್ಮ ಜಗ್ಗು ಹೇಳುತ್ತೆ. ರಕ್ತ ಶುದ್ಧ ಆಯ್ತಾ ಅಂತ ಅದಕ್ಕೇನು ಗೊತ್ತು?"

"ಹೆದರಿಸ್ಬೇಡಿ ತಾಯಿ" ಎಂದು ಇವರು ನಕ್ಕರು. ನನಗೆ ನಗು ಬರಲಿಲ್ಲ. ಅಲ್ಲೇ ಕೂತು ಗುಂಡಿಗೆ ಕಾಜಾ ಹಾಕುತ್ತಿದ್ದ ಅಂಗಿಯನ್ನು ಬಿಸಾಡಿ, "ಈಗ ಏಳ್ತೀರೋ, ಇಲ್ಲ ನಾನೇ ಎಳ್ಕೊಂಡು ಹೋಗ್ಲೋ?" ಎಂದೆ.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡಿ ನೋಡಿದರೆ ಎಡ ಕಿಡ್ನಿ ಕೆಲಸ ನಿಲ್ಲಿಸಿತ್ತು. ಯಾವಾಗ ನಿಂತಿತೋ ಯಾರಿಗೂ ಗೊತ್ತಿಲ್ಲ. ಬಲಗಡೆಯದೂ ಊದಲು ಶುರುವಾಗಿತ್ತು. "ಮೊದಲೇ ಬಂದಿದ್ರೆ ಉಳಿಸೋಕೆ ನೋಡಬಹುದಿತ್ತು. ಎಡದ್ದು ಇನ್ನು ಬರಲ್ಲ" ಎಂದರು ಡಾಕ್ಟರು. ನಿಂತ ಮೂತ್ರ ಹೊರಗೆ ಬರಲೆಂದು ಆವತ್ತೇ ಬೆನ್ನಿನ ಮೂಲಕ ಬಲ ಕಿಡ್ನಿಗೆ ಕೊಳವೆ ಹಾಕಿದರು. ಆ ಕಿಡ್ನಿಯಲ್ಲಿ ಅರ್ಧ ಶಕ್ತಿಯೂ ಉಳಿದಿಲ್ಲ. ಅದೂ ಹೋದರೆ ಇವರ ಬದುಕು ಡಯಾಲಿಸಿಸ್ ಯಂತ್ರದ ಪಕ್ಕದಲ್ಲೇ.

ಆಸ್ಪತ್ರೆ ಮಂಚದ ಮೇಲಿಂದ ಇವರು ನನ್ನನ್ನು ಹತ್ತಿರ ಕರೆದರು. "ಮುಂದಿನ ಪರೀಕ್ಷೆ ಯಾವತ್ತಂತೆ? ಕೇಳ್ಕೊಂಡು ಬಾ" ಎಂದರು. ಇಷ್ಟು ಬುದ್ಧಿ ಬರಲು ಒಂದು ಕಿಡ್ನಿ ಹೋಗಬೇಕಾಯಿತು. ಇವರ ಮೇಲೆ ನನಗೆ ಸಿಟ್ಟಿದೆ. ನನ್ನ ಮೇಲೆ ಇನ್ನೂ ಹೆಚ್ಚು ಸಿಟ್ಟಿದೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲಿ ಇಂಥ ಚೀಲ ಹಾಕಿಕೊಂಡವರಿದ್ದರೆ ಚೀಲ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಡಾಕ್ಟರು ಹೇಳಿದ ದಿನಕ್ಕೆ ಸರಿಯಾಗಿ ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡಿಸಿ. ಚಳಿಜ್ವರ ಬಂದರೆ, ಪಕ್ಕೆ ನೋವು ಕಂಡರೆ, ಮೂತ್ರ ಕಡಿಮೆಯಾದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಕೊನೆಯ ಪರೀಕ್ಷೆ ಯಾವಾಗ ಆಯಿತು ಎಂದು ಈಗಲೇ ಕೇಳಿ. ಅವರು ತಲೆ ಕೆರೆದುಕೊಂಡರೆ ನಾಳೆ ಬೆಳಗ್ಗೆಯೇ ಹೊರಡಿಸಿ. ಎರಡೂ ಕಿಡ್ನಿ ಇರುವಾಗಲೇ ಹೊರಡಿಸಿ.