ಕೊರಡಿನ ಮೇಲಿನ ದಾನಪತ್ರ

ಮಾಂಸದಂಗಡಿಯ ಮುದುಕಿ ತಾನು ಕಣ್ಣು ಮುಚ್ಚಿದ ಮೇಲೆ ಮನೆ ಮಗನಿಗೇ ಸೇರಲೆಂದು ಉಯಿಲು ಬರೆದಿಟ್ಟಿದ್ದಳು. ಅವನಿಗೆ ಅಷ್ಟು ತಾಳ್ಮೆ ಎಲ್ಲಿಯದು? ದಾನಪತ್ರ ಹಿಡಿದು ಅಂಗಡಿಗೇ ನುಗ್ಗಿದ. ಹೆತ್ತವಳೆಂದೂ ನೋಡದೆ ಕೆನ್ನೆಗೆ ಬಾರಿಸಿ, ಕಾಗದವನ್ನು ಮಾಂಸ ಕೊಚ್ಚುವ ಕೊರಡಿನ ಮೇಲೆ ಹರಡಿದ. ಬೇರೆಲ್ಲಿ ಹರಡಿದ್ದರೂ ಬಚಾವಾಗುತ್ತಿದ್ದ.

"ಒತ್ತಮ್ಮ ಹೆಬ್ಬೆಟ್ಟು! ನೀನು ಸಾಯೋವರೆಗೂ ಕಾಯ್ತಾ ಕೂತಿರ್ಲಾ?" ಎನ್ನುತ್ತ ಒಂದು ಕೈಯಲ್ಲಿ ಕಾಗದವನ್ನು ಒತ್ತಿ ಹಿಡಿದು, ಇನ್ನೊಂದರಲ್ಲಿ ಅವಳ ಎಡಗೈಯನ್ನು ತಿರುಚಿ ಎಳೆದ.

ಆ ಕೊರಡಿನ ಮೇಲೆ ಬಿದ್ದದ್ದನ್ನೆಲ್ಲ ಕೊಚ್ಚಿಯೇ ಅವನನ್ನು ಸಾಕಿದ್ದ ಬಲಗೈ ಸುಮ್ಮನಿರಲಿಲ್ಲ. ಮಚ್ಚು ಎದ್ದು ಬಿತ್ತು. ಅವನ ಎರಡು ಬೆರಳು ಕಾಗದದ ಮೇಲೇ ಉಳಿದವು. ಅವನು ನೆಲಕ್ಕುರುಳಿ ಅರಚಿದ.

ಮುದುಕಿ ಬೆರಳುಗಳನ್ನು ಅದೇ ದಾನಪತ್ರದಲ್ಲಿ ಪೊಟ್ಟಣ ಕಟ್ಟಿ, ಗಿರಾಕಿಗೆ ಕೊಡುವಂತೆ ಅವನ ಕೈಗಿತ್ತಳು.

"ಆಸ್ಪತ್ರೆಗೆ ಓಡೋ, ಹೊಲಿದುಕೊಡ್ತಾರೆ. ನಾನು ವಕೀಲರ ಹತ್ರ ಹೋಗಿ ಉಯಿಲು ಹರಿದು ಬರ್ತೀನಿ."