ಹೇಳು, ನಿಲ್ಲು, ಮುಟ್ಟು

ಪುಟ್ಟತಾಯಮ್ಮನಿಗೆ ಪಾಠ ಹೇಳುವ ಆಸೆ ಯಾವತ್ತೂ ಇರಲಿಲ್ಲ. ಮದರಾಸಿನ ಅಡ್ಯಾರಿನ ವೃದ್ಧಾಶ್ರಮವೊಂದರಲ್ಲಿ ಹದಿನಾಲ್ಕು ವರ್ಷ ಆಯಾ ಆಗಿ ದುಡಿದವಳು ಅವಳು. ಮುದುಕರನ್ನು ಎಬ್ಬಿಸುವುದು, ತೊಳೆಯುವುದು, ಉಣಿಸುವುದು, ಮಗ್ಗುಲು ಬದಲಿಸುವುದು, ಇದನ್ನೆಲ್ಲ ಅವಳಷ್ಟು ಚುರುಕಾಗಿ ಮಾಡುವವರು ಅಲ್ಲಿರಲಿಲ್ಲ. ಅವಳಷ್ಟು ಜೋರಾಗಿ ಕೂಗಾಡುವವರೂ ಇರಲಿಲ್ಲ. ಮಳವಳ್ಳಿ ಕಡೆಯ ಹಳ್ಳಿ, ಊರ ಶಾಲೆಯಲ್ಲಿ ಏಳನೇ ಕ್ಲಾಸು, ಕೋಪ ಮೂಗಿನ ತುದಿಯಲ್ಲೇ. ಗಂಡ ಕಾಂತಪ್ಪನಿಗೆ ಮಾಧವರಂನ ಹಾಲಿನ ಡೇರಿಯಲ್ಲಿ ಕೆಲಸ ಸಿಕ್ಕಾಗ ಮದರಾಸಿಗೆ ಬಂದವಳು. ಇಪ್ಪತ್ತೆರಡು ವರ್ಷದಲ್ಲಿ ತಮಿಳಿನಲ್ಲೇ ಬೈದು ತಮಿಳಿನಲ್ಲೇ ಕನಸು ಕಾಣುವಷ್ಟು ಆ ಊರಿನವಳಾಗಿಬಿಟ್ಟಿದ್ದಳು.

ಎರಡು ಸಾವಿರದ ಮೂರನೇ ಇಸವಿಯಲ್ಲಿ ಆಶ್ರಮದವರು ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಹೆಂಗಸರಿಗೆ ತರಬೇತಿ ಶುರು ಮಾಡಿದರು. ಹೊರಗಿನಿಂದ ಯಾರೋ ಬಂದು ಪುಸ್ತಕ ನೋಡಿ ಪಾಠ ಓದಿದರು. ಇಪ್ಪತ್ತು ಹುಡುಗಿಯರು ಸೇರಿದ್ದರಲ್ಲಿ ಮೂರನೇ ವಾರಕ್ಕೆ ಐದೇ ಜನ ಉಳಿದರು. ಆಗ ಅನಸೂಯ ಟೀಚರನ್ನು ಕರೆಸಿದರು. ನರ್ಸಿಂಗ್ ಸ್ಕೂಲಿನಲ್ಲಿ ಕಲಿಸಿ ನಿವೃತ್ತರಾದವರು, ಹುಟ್ಟೂರು ಮೈಸೂರು. ರೈಲ್ವೆಯವರನ್ನು ಮದುವೆಯಾಗಿ ನಲವತ್ತು ವರ್ಷ ಪೆರಂಬೂರಿನ ಕ್ವಾರ್ಟರ್ಸಿನಲ್ಲಿದ್ದು ಅವರ ಕನ್ನಡದ ಬಾಲಕ್ಕೆ ತಮಿಳಿನ 'ಪಾ' ಅಂಟಿಕೊಂಡಿತ್ತು. ಅವರು ಬಂದವರೇ, "ಹುಡುಗಿಯರಿಗೆ ಆಮೇಲೆ ಕಲಿಸೋಣ. ಮೊದಲು ಕಲಿಸುವವರನ್ನು ತಯಾರು ಮಾಡೋಣ. ನಿಮ್ಮ ಆಯಾಗಳಲ್ಲೇ ಇಬ್ಬರನ್ನು ಆರು ವಾರ ನನಗೆ ಕೊಡಿ" ಎಂದರು.

"ನಾನಾ?" ಎಂದಳು ಪುಟ್ಟತಾಯಮ್ಮ. "ಬೆಡ್‌ಪ್ಯಾನ್ ಹಿಡಿದ ಕೈ ಇದು. ಸೀಮೆಸುಣ್ಣ ಹಿಡಿದದ್ದಲ್ಲ. ಬುಡಿ ಟೀಚರಮ್ಮ."

"ಅದಕ್ಕೇ ನೀನು ಬೇಕು ಪಾ. ಸೀಮೆಸುಣ್ಣ ಹಿಡಿದವರನ್ನ ನೋಡಿದ್ದಾಯ್ತಲ್ಲ."

ಮೊದಲ ದಿನವೇ ಜಗಳ. ಟೀಚರು ಅವಳನ್ನು ಮಂಚದ ಮೇಲೆ ಮಲಗಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ಇನ್ನೊಬ್ಬ ಆಯಾ ಕೈಯಲ್ಲಿ ಮೊಸರನ್ನ ತಿನ್ನಿಸಿದರು. ಮೂರನೇ ಚಮಚಕ್ಕೆ ಪುಟ್ಟತಾಯಮ್ಮ ಕೆಮ್ಮಿ ಎದ್ದು ಕೂತು ಬಟ್ಟೆ ಕಿತ್ತೆಸೆದಳು. "ಇದೇನು ಬಾಯಾ, ಗುಂಡಿಯಾ? ನುಂಗೋಕಾದ್ರೂ ಬುಡ್ಬೇಕಲ್ವಾ? ಚಮ್ಚ ಬತ್ತಾ ಅದೆ ಅಂತ ಒಂದು ಮಾತು ಹೇಳ್ಬಾರ್ದಾ?"

"ಈ ಮಾತು ಇದ್ದ ಹಾಗೇ ಬರ್ಕೋ," ಎಂದರು ಟೀಚರು, ಸ್ವಲ್ಪವೂ ಕದಲದೆ. "ಯಾವ ಪುಸ್ತಕದಲ್ಲೂ ಇದಿಲ್ಲ."

ಅವತ್ತು ಹಲಗೆಯ ಮೇಲೆ ಬರೆದದ್ದು ಮೂರೇ ಮಾತು. ತಮಿಳಿನಲ್ಲಿ ಸೊಲ್ಲು, ನಿಲ್ಲು, ತೊಡು. ಪುಟ್ಟತಾಯಮ್ಮ ತನ್ನ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡಳು: ಹೇಳು, ನಿಲ್ಲು, ಮುಟ್ಟು. ಏನು ಮಾಡುತ್ತೀಯೋ ಅದನ್ನು ಮೊದಲು ಹೇಳಬೇಕು. ಹೇಳಿ ಹತ್ತು ಎಣಿಸುವವರೆಗೆ ನಿಲ್ಲಬೇಕು. ಆಮೇಲೇ ಮೈ ಮುಟ್ಟಬೇಕು.

"ಹತ್ತು ಎಣಿಸೋ ಹೊತ್ತಿಗೆ ನಾನು ಮೂರು ಜನಾನ ಮಗ್ಗುಲು ತಿರುಗಿಸಿರ್ತೀನಿ," ಎಂದಳು.

"ಗೊತ್ತು. ಆ ಮೂರರಲ್ಲಿ ಎಷ್ಟು ಜನ ನಿನ್ನ ಜೊತೆ ಮಾತಾಡಿದ್ದಾರೆ?"

ಪುಟ್ಟತಾಯಮ್ಮ ನೋಟ್‌ಬುಕ್ಕನ್ನು ಪಟ್ಟನೆ ಮುಚ್ಚಿದಳು. ಇನ್ನೂ ಸಿಟ್ಟು ಬಂತು.

ಆದರೆ ಎರಡು ವಾರ ಕಳೆಯುವಷ್ಟರಲ್ಲಿ ಒಳಗೆ ಏನೋ ತಿರುಗಿತು. ಹದಿನಾಲ್ಕು ವರ್ಷದಲ್ಲಿ "ಬೇಗ ಮಾಡು" ಅಂದವರುಂಟು, "ಯಾಕೆ ಮಾಡಲಿಲ್ಲ" ಅಂದವರುಂಟು. "ಹೇಗೆ ಮಾಡ್ತೀಯ, ತೋರಿಸು" ಅಂತ ಕೇಳಿದವರು ಈ ಟೀಚರೊಬ್ಬರೇ. ಮನೆಗೆ ಹೋದರೆ ಕಾಂತಪ್ಪನನ್ನೇ ಮಂಚದ ಮೇಲೆ ಕೆಡವಿ ಪಾಠ ಮಾಡುತ್ತಿದ್ದಳು. "ನಿಂತಿದ್ದು ಸಾಕು ಕಣಮ್ಮಿ, ಕಾಪಿ ಯಾವಾಗ?" ಎಂದು ಅವನು ಮಲಗಿದಲ್ಲಿಂದಲೇ ಗೊಣಗುತ್ತಿದ್ದ. ಈ ಕೆಲಸ ತನಗೆ ಬೇಕು ಅನ್ನುವುದು ಅವಳಿಗೆ ಹಾಗೆ ಆರನೇ ವಾರದ ಮೊದಲಲ್ಲಿ ಒಂದು ದಿನ ಗೊತ್ತಾಯಿತು. ಗೊತ್ತಾದ ವಾರದಲ್ಲೇ ಕೆಡಿಸಿಕೊಂಡಳು.

ತೇನ್‌ಮೊಳಿ ಅಂತ ಎಣ್ಣೂರಿನ ಮೀನುಗಾರರ ಮನೆಯ ಹುಡುಗಿ, ಉಳಿದ ಐವರಲ್ಲಿ ಒಬ್ಬಳು. ಪುಟ್ಟತಾಯಮ್ಮ ನಡೆಸಿದ ಅಭ್ಯಾಸದ ಪಾಠದಲ್ಲಿ ಚಕ್ರದ ಕುರ್ಚಿಗೆ ಬ್ರೇಕು ಹಾಕದೆ ಅಜ್ಜನೊಬ್ಬರನ್ನು ಕೂರಿಸಹೊರಟಳು. ಪುಟ್ಟತಾಯಮ್ಮ ವಾರ್ಡು ಅದುರುವಂತೆ ಕೂಗಿದಳು. ಹುಡುಗಿ ಅಳುತ್ತಾ ಗೇಟಿನವರೆಗೂ ಹೋದಳು, ಟೀಚರೇ ಹಿಂದೆ ಹೋಗಿ ಕರೆತಂದರು.

ಆಮೇಲೆ ಪುಟ್ಟತಾಯಮ್ಮನನ್ನು ಮೆಟ್ಟಿಲ ಬಳಿಗೆ ಕರೆದು ಮೆಲ್ಲಗೆ ಹೇಳಿದರು. "ಬ್ರೇಕು ಹಾಕಬೇಕು ಅನ್ನೋದು ಅವಳಿಗೆ ಈಗ ನೆನಪಿದೆಯೋ, ನಿನ್ನ ಮುಖ ನೆನಪಿದೆಯೋ? ಶುಕ್ರವಾರ ನಿನ್ನ ಪರೀಕ್ಷೆ ಪಾಠ. ಆಶ್ರಮ ನಡೆಸೋ ಟ್ರಸ್ಟಿನಿಂದ ಮಧುಸೂದನ್ ಬರ್ತಾರೆ. ಕಲಿಯೋರ ಮುಂದೆ ಇನ್ನೊಂದು ಸಲ ಕೂಗಿದ್ರೆ ಅವರು ಹೇಳೋವರೆಗೂ ಕಾಯಲ್ಲ ಪಾ. ನಾನೇ ನಿನ್ನ ವಾರ್ಡಿಗೆ ವಾಪಸ್ ಕಳಿಸ್ತೀನಿ."

ಶುಕ್ರವಾರ ಬೆಳಗ್ಗೆ ಚೀಟಿ ಎತ್ತಿದರು. ಯಾವ ಹಾಸಿಗೆಯ ನಂಬರು ಬರುತ್ತದೋ ಅವರನ್ನು ಎಬ್ಬಿಸಿ, ದಿಂಬಿಗೆ ಒರಗಿಸಿ, ಕುರ್ಚಿಗೆ ಕೂರಿಸುವುದನ್ನು ಕಲಿಸಿ ತೋರಿಸಬೇಕು. ಪುಟ್ಟತಾಯಮ್ಮನಿಗೆ ಬಂದದ್ದು ಒಂಬತ್ತು.

ಒಂಬತ್ತನೇ ಹಾಸಿಗೆ ಎಂದರೆ ಅಂಬುಜಮ್ಮ. ಎಂಬತ್ತೊಂದು ವರ್ಷ. ಲಕ್ವಾ ಹೊಡೆದು ಬಲಗೈ ಸತ್ತಿತ್ತು, ಮಾತೂ ಹೆಚ್ಚುಕಡಿಮೆ ಹೋಗಿತ್ತು. ಎಡಗೈ ಮಾತ್ರ ಜೀವಂತವಾಗಿದ್ದು, ಒರಗಿಸಲು ಹೋದವರ ಕೆನ್ನೆಗೆ ಸರಿಯಾಗಿ ಬೀಳುತ್ತಿತ್ತು. ಆಯಾಗಳು ಅವರಿಗೆ ಇಟ್ಟ ಹೆಸರು 'ಅಡಿ ಪಾಟಿ', ಹೊಡೆಯುವ ಅಜ್ಜಿ. ಬ್ಯಾಂಕಿನಲ್ಲಿರುವ ಮಗ ರಘುರಾಮ ಎಂಟು ತಿಂಗಳ ಹಿಂದೆ ಸೇರಿಸುವಾಗ ಫೈಲಿನಲ್ಲಿ ಭಾಷೆ ತಮಿಳು ಎಂದು ಬರೆಸಿದ್ದ. ಎಂಟು ತಿಂಗಳಲ್ಲಿ ಅತಿ ಹೆಚ್ಚು ಏಟು ತಿಂದವಳು ಪುಟ್ಟತಾಯಮ್ಮನೇ.

"ಬೇರೆ ಚೀಟಿ ಎತ್ತಬಹುದಾ?" ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ತೇನ್‌ಮೊಳಿ ನೋಡುತ್ತಿದ್ದಳು.

ಐದು ಹುಡುಗಿಯರು ಹಾಸಿಗೆಯ ಸುತ್ತ ನಿಂತರು. ಮಧುಸೂದನ್ ಫಾರಂ ಹಿಡಿದು ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡರು. ಟೀಚರು ಬಾಗಿಲಿಗೆ ಒರಗಿ ನಿಂತರು. ಪುಟ್ಟತಾಯಮ್ಮ ಎಬ್ಬಿಸ್ತೀನಿ ಎಂದು ಹೇಳಿ, ಹತ್ತು ಎಣಿಸಿ, ಅಜ್ಜಿಯನ್ನು ಎತ್ತಿ ಕೂರಿಸಿ, ಬೆನ್ನ ಹಿಂದೆ ಎರಡು ದಿಂಬು ಇಟ್ಟಳು. "ಈಗ ಏನು ಮಾಡ್ತೀನಿ ಅಂತ ಮೊದಲು ಹೇಳ್ತೀನಿ. ಆಮೇಲೆ ಹತ್ತು ಎಣಿಸ್ತೀನಿ. ನೀವೂ ಎಣಿಸಿ" ಎಂದು ಹುಡುಗಿಯರಿಗೆ ತಮಿಳಿನಲ್ಲಿ ಹೇಳಿ, ಅಜ್ಜಿಯ ಕಡೆ ಬಾಗಿದಳು.

"ಪಾಟಿ, ಮೆದುವಾ ಸಾಯಿ."

ತಮಿಳಿನಲ್ಲಿ 'ಮೆದುವಾ' ಎಂದರೆ ಮೆಲ್ಲಗೆ, 'ಸಾಯಿ' ಎಂದರೆ ಒರಗಿಕೋ. ದಿನಕ್ಕೆ ಐವತ್ತು ಸಲ ಆಡುವ ಮಾತು. ನೀರು ಕುಡಿ ಅಂದ ಹಾಗೆ.

ಒಂದು, ಎರಡು, ಮೂರು. ನಾಲ್ಕಕ್ಕೆ ಅಜ್ಜಿಯ ಎಡಗೈ ಹಾಸಿಗೆಯಿಂದ ಮೇಲೆದ್ದಿತು. ತೇನ್‌ಮೊಳಿ ಒಂದು ಹೆಜ್ಜೆ ಹಿಂದೆ ಸರಿದಳು. ಪುಟ್ಟತಾಯಮ್ಮನಿಗೆ ಕೆನ್ನೆ ಮುಂಚಿತವಾಗಿಯೇ ಉರಿಯಿತು, ಆದರೆ ಸರಿಯಲಿಲ್ಲ, ತಳ್ಳಲೂ ಇಲ್ಲ. ಐದು, ಆರು. ಸೊಟ್ಟಗಾದ ಬಾಯಿ ತೆರೆಯಿತು.

"ಸಾಯಲ್ಲ."

ಇದು ಎಲ್ಲರಿಗೂ ಗೊತ್ತಿದ್ದದ್ದೇ. 'ಸಾಯಲ' ಎಂದರೆ ತಮಿಳಿನ ಕಿವಿಗೆ 'ಒರಗುತ್ತಿಲ್ಲ'. ಮುದುಕಿಗೆ ಹಟ, ಒರಗುವುದಿಲ್ಲವಂತೆ ಎಂದು ಎಲ್ಲರೂ ಇಲ್ಲಿಗೇ ಬಿಟ್ಟು ಭುಜ ಹಿಡಿದು ಹಿಂದಕ್ಕೆ ಒತ್ತುತ್ತಿದ್ದರು. ಇವತ್ತು ಇನ್ನೂ ಎಣಿಕೆ ಬಾಕಿಯಿತ್ತು. ಏಳು. ಎಂಟು. ಅಜ್ಜಿಯ ಗಂಟಲಲ್ಲಿ ಏನೋ ಉರುಳಾಡಿತು. ಒಂಬತ್ತು.

"ನಾನು... ಸಾಯಲ್ಲ ಕಣೇ."

ಕಣೇ.

ಮದರಾಸಿನಲ್ಲಿ ಯಾವ ತಮಿಳರ ಬಾಯಲ್ಲೂ ಹುಟ್ಟದ ಮಾತು ಅದು. ಪುಟ್ಟತಾಯಮ್ಮನ ಕಿವಿ ಇಪ್ಪತ್ತೆರಡು ವರ್ಷ ಹಿಂದಕ್ಕೆ ಹೋಗಿ, ಹಿಂದಿನ ಮಾತನ್ನೂ ಅದರ ಹಿಂದಿನ ಮಾತನ್ನೂ ಮತ್ತೆ ಕೇಳಿಸಿಕೊಂಡಿತು. ಸಾಯಿ ಅಂದಳು ತಾನು. ನಾನು ಸಾಯಲ್ಲ ಅಂದರು ಅವರು.

"ಅಕ್ಕಾ, ಹತ್ತಾಯ್ತು," ಎಂದು ತೇನ್‌ಮೊಳಿ ಪಿಸುಗುಟ್ಟಿದಳು. ಮಧುಸೂದನ್ ಗಡಿಯಾರ ನೋಡಿಕೊಂಡರು.

ಕೋಪ ಸರ‍್ರನೆ ಗಂಟಲಿಗೇರಿತು. ಯಾವನು ಆ ಫೈಲಿನಲ್ಲಿ ತಮಿಳು ಅಂತ ಬರೆದವನು? ಹೆತ್ತ ತಾಯಿಯ ಮಾತು ಗೊತ್ತಿಲ್ಲದ ಮಗ ಎಂಥವನು? ಬಾಯಿ ತೆರೆದೂ ತೆರೆದಳು. ಅಷ್ಟರಲ್ಲಿ, ದಿನವೂ ಬೆಳಗ್ಗೆ ಸಂಜೆ ಆ ಮಾತು ಹೇಳಿದ ಬಾಯಿ ಯಾವುದು ಎಂಬುದು ನೆನಪಾಯಿತು. ತೆರೆದ ಬಾಯನ್ನು ಮುಚ್ಚಿಕೊಂಡಳು.

ಆಮೇಲೆ ಅವಳು ಹುಡುಗಿಯರ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಹೇಳಿದಳು. "ಈ ಅಮ್ಮ ಕನ್ನಡದವರು. ನಾನೂ ಕನ್ನಡದವಳೇ. ಕನ್ನಡದಲ್ಲಿ ಸಾಯಿ ಅಂದ್ರೆ ಸತ್ತುಹೋಗು ಅಂತ. ಎಂಟು ತಿಂಗಳಿಂದ ದಿನಕ್ಕೆ ಎರಡು ಸಲ, ಇವರ ಭುಜ ಹಿಡಿದು ಒತ್ತಿ, ಸತ್ತುಹೋಗು ಅಂತ ಹೇಳಿದ್ದೀನಿ. ಇವರು ನನಗೆ ಹೊಡೆದದ್ದು ಕಮ್ಮಿಯಾಯ್ತು. ತಪ್ಪು ನಂದು. ಒಂದು ದಿನವೂ ನಿಂತು ಕೇಳಲಿಲ್ಲ ನಾನು."

ಪುಟ್ಟತಾಯಮ್ಮ ಮಂಚದ ಪಕ್ಕ ಮಂಡಿಯೂರಿ, ಅಜ್ಜಿಯ ಕಣ್ಣಿನ ಮಟ್ಟಕ್ಕೆ ಮುಖ ತಂದಳು.

"ತಪ್ಪಾಯ್ತು ಕಣವ್ವ. ಸಾಯೋದು ಬ್ಯಾಡ. ಒಸಿ ಒರಗ್ಕಳಿ. ಹಿಂದಕ್ಕೆ ದಿಂಬು ಇಟ್ಟಿವ್ನಿ."

ಎಣಿಸಿದಳು. ಈ ಸಲ ಐದರ ಮೇಲೆ ಲೆಕ್ಕ ತಪ್ಪಿ ಮತ್ತೆ ನಾಲ್ಕಕ್ಕೆ ಬಂದಳು. ಎತ್ತಿದ ಎಡಗೈ ನಿಧಾನಕ್ಕೆ ಇಳಿಯಿತು. ಯಾರೂ ಮುಟ್ಟದೆಯೇ ಅಂಬುಜಮ್ಮ ಬೆನ್ನನ್ನು ದಿಂಬಿಗೆ ಕೊಟ್ಟರು. ಕೊಟ್ಟು, ಅವಳ ಮುಖವನ್ನೇ ನೋಡುತ್ತಾ ಒಂದೊಂದೇ ಅಕ್ಷರ ಹೊರಳಿಸಿ ಕೇಳಿದರು:

"ಯಾವೂರೇ... ನಿಂದು?"

ಪುಟ್ಟತಾಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಹೇಳ್ತೀನಿ ಇರವ್ವ" ಎಂದಳು ಅಷ್ಟೆ.

ಪಾಠದ ಸಮಯ ಮುಗಿದಿತ್ತು. ಕುರ್ಚಿಗೆ ಕೂರಿಸುವುದು ಆಗಲೇ ಇಲ್ಲ. ಮಧುಸೂದನ್ ಫಾರಂ ತಿರುಗಿಸಿ ತಿರುಗಿಸಿ ನೋಡಿದರು. "ಪಾಠ ಪೂರ್ತಿಯಾಯಿತೇ ಅಂತ ಇಲ್ಲಿ ಕೇಳಿದೆ. ಆಗಿಲ್ಲ" ಎಂದರು. ಆಮೇಲೆ ಹುಡುಗಿಯರನ್ನು ಕೇಳಿದರು. "ನೀವೇನು ಕಲಿತಿರಿ?"

ಉತ್ತರ ಕೊಟ್ಟವಳು ತೇನ್‌ಮೊಳಿ. "ಹತ್ತರವರೆಗೂ ಎಣಿಸಬೇಕು ಸಾರ್. ಆರಕ್ಕೆ ಪಾಟಿ ಹೇಳಿದ್ದು ಬೇರೆ ಥರ ಕೇಳಿಸ್ತು, ಒಂಬತ್ತಕ್ಕೆ ಬೇರೆ."

ಮಧುಸೂದನ್ ಪೆನ್ನು ಹಿಡಿದು ಟೀಚರ ಮುಖ ನೋಡಿದರು. "ಮೇಡಂ, ಎಂಟು ತಿಂಗಳು ತಪ್ಪು ಮಾಡಿದ್ದೀನಿ ಅಂತ ಕಲಿಯೋರ ಎದುರಿಗೇ ಒಪ್ಪಿಕೊಂಡಿದ್ದಾರೆ. ಇದಕ್ಕೆ ಫಾರಂನಲ್ಲಿ ಜಾಗ ಇಲ್ವಲ್ಲ?"

"ಹಿಂದುಗಡೆ ಖಾಲಿ ಇದೆ ನೋಡಿ. ಅಲ್ಲಿ ಬರೀರಿ."

ಅವರು ಹಿಂದುಗಡೆ ಬರೆದರು, ಬಹಳ ಹೊತ್ತು ಬರೆದರು. ಮುಂದುಗಡೆ ಪಾಸು ಎಂದು ಗುರುತು ಹಾಕಿದರು.

ಮಧ್ಯಾಹ್ನ ಟೀಚರು ಮಗ ರಘುರಾಮನಿಗೆ ಫೋನು ಮಾಡಿದರು. ಅಮ್ಮ ಐವತ್ತು ವರ್ಷದಿಂದ ಎಲ್ಲರ ಜೊತೆ ತಮಿಳೇ ಆಡುತ್ತಿದ್ದಳು, ಕನ್ನಡ ಅವಳ ತಾಯಿಯ ಜೊತೆ ಮಾತ್ರ, ಆಕೆ ಹೋದ ಮೇಲೆ ಅದೂ ಇಲ್ಲ ಎಂದನಂತೆ. ಇಂಥ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಅಳಿಸಿಹೋಗಿ, ತೊಟ್ಟಿಲಲ್ಲಿ ಕಲಿತದ್ದು ಉಳಿಯುವುದುಂಟು ಎಂದು ಟೀಚರು ಹುಡುಗಿಯರಿಗೆ ವಿವರಿಸಿದರು. ಫೈಲಿನಲ್ಲಿ ತಮಿಳು ಎಂಬುದನ್ನು ಹೊಡೆದುಹಾಕಿ ಕನ್ನಡ ಎಂದು ಬರೆದದ್ದು ಪುಟ್ಟತಾಯಮ್ಮ. ಏಳನೇ ಕ್ಲಾಸಿನ ದುಂಡು ಅಕ್ಷರ.

ಸಂಜೆ ಟೀಚರು ಬ್ಯಾಗು ಹಿಡಿದು ಹೊರಟಾಗ ಅವಳು ವರಾಂಡದಲ್ಲಿ ಕಾಯುತ್ತಿದ್ದಳು. ಆರು ವಾರದಲ್ಲಿ ಇವರನ್ನು ಮನಸ್ಸಿನಲ್ಲಿ ಎಷ್ಟು ಬೈದಿದ್ದಳೋ ಲೆಕ್ಕವಿಲ್ಲ. ಆ ಹತ್ತರ ಎಣಿಕೆ ಇವರು ಕೊಡದಿದ್ದರೆ, ಒಂಬತ್ತನೇ ಹಾಸಿಗೆಯ ತಾಯಿ ಕೊನೆಯವರೆಗೂ ನಾನು ಸಾಯಲ್ಲ ಎಂದು ಬೇಡಿಕೊಳ್ಳುತ್ತಲೇ ಇರುತ್ತಿದ್ದರು, ತಾನು ಒತ್ತುತ್ತಲೇ ಇರುತ್ತಿದ್ದಳು. ಇದನ್ನು ಹೇಳಬೇಕೆಂದು ಬಸ್ಸು ಬಿಟ್ಟು ನಿಂತಿದ್ದಳು. ಹೇಳುವ ಬದಲು ಸುಮ್ಮನೆ ಬಗ್ಗಿ ಕಾಲಿಗೆ ಕೈ ಚಾಚಿದಳು.

ಟೀಚರು ಸರಕ್ಕನೆ ಹಿಂದೆ ಸರಿದರು. "ಏಯ್! ಹೇಳದೆ ಮುಟ್ಟಬಾರದು ಅಂತ ಆರು ವಾರ ಅರಚಿಕೊಂಡೆನಲ್ಲ, ಈಗೇನು ಮಾಡ್ತಿದೀಯ ಪಾ ನೀನು?"

ಪುಟ್ಟತಾಯಮ್ಮ ನೆಟ್ಟಗೆ ನಿಂತಳು. ಸೆರಗು ಸರಿ ಮಾಡಿಕೊಂಡಳು.

"ಟೀಚರಮ್ಮ, ನಿಮ್ಮ ಕಾಲು ಮುಟ್ತೀನಿ," ಎಂದಳು.

ಎಂದು ನಿಂತಳು. ಒಂದು, ಎರಡು, ಮೂರು. ರಸ್ತೆಯಲ್ಲಿ ಅವಳ ಇನ್ನೊಂದು ಬಸ್ಸೂ ಹೋಯಿತು. ಎಣಿಕೆ ಹತ್ತಕ್ಕೆ ಮುಟ್ಟಿದರೂ ಟೀಚರು ಬೇಡ ಅನ್ನಲಿಲ್ಲ. ಬ್ಯಾಗನ್ನು ಕೆಳಗಿಟ್ಟು, ಕಣ್ಣು ಬೇರೆ ಕಡೆ ತಿರುಗಿಸಿ, ಕಾಲು ಕದಲಿಸದೆ ನಿಂತರು.