ಎರಡು ಹೊತ್ತಿನ ಪಾಠ

"ನಿನಗೂ ಒಂದು ದಿನ ಆ ಕಾಲೇಜಲ್ಲಿ ಕುರ್ಚಿ ಹಾಕಿಸ್ತೀನಿ ಕಣೆ. ಯಾರ ಹತ್ರನೂ ಶಿಫ್ಟ್ ಬದಲಾಯಿಸಿಕೊಡಿ ಅಂತ ಗೋಗರೆಯದೆ ನೀನು ಓದಬೇಕು, ಹಾಗೆ ಮಾಡ್ತೀನಿ" ಎಂದು ನೋಯೆಲಾ ಪೆಲ್ಟಿಯೆ ಮಾತು ಕೊಟ್ಟದ್ದು ಹತ್ತೊಂಬತ್ತು ವರ್ಷಗಳ ಹಿಂದೆ, ಕಾಗದದ ಕಾರ್ಖಾನೆಯ ಊಟದ ಕೋಣೆಯಲ್ಲಿ. ಎದುರಿಗೆ ಕೂತು ತಣ್ಣಗಾದ ಬೀನ್ಸ್ ತಿನ್ನುತ್ತಿದ್ದ ಕ್ಲೋಡೆಟ್ ತಲೆ ಎತ್ತಲಿಲ್ಲ. "ಮೊದಲು ನೀನು ಪಾಸಾಗು ಮಾರಾಯ್ತಿ. ಆಮೇಲೆ ಕುರ್ಚಿ, ಮೇಜು ಎಲ್ಲಾ ಹಾಕಿಸುವೆಯಂತೆ" ಎಂದಿದ್ದಳು.

ನೋಯೆಲಾ ಪಾಸಾದಳು. ಆಗ ಅವಳಿಗೆ ಎರಡು ಎಳೆ ಮಕ್ಕಳು, ಗಂಡ ಬಿಟ್ಟುಹೋದ ಮನೆ, ಒಂದು ವಾರ ಹಗಲು ಒಂದು ವಾರ ರಾತ್ರಿ ಎಂದು ಗಾಣದೆತ್ತಿನಂತೆ ತಿರುಗಿಸುವ ಹನ್ನೆರಡು ಗಂಟೆಯ ಪಾಳಿ. ಸಂಜೆಯ ಕ್ಲಾಸು ಇದ್ದ ದಿನ ಅವಳಿಗೆ ರಾತ್ರಿ ಪಾಳಿ ಬಿದ್ದರೆ, ಕ್ಲೋಡೆಟ್ ತನ್ನ ಹಗಲನ್ನು ಅವಳಿಗೆ ಕೊಟ್ಟು ಆ ರಾತ್ರಿಯನ್ನು ತಾನು ತೆಗೆದುಕೊಳ್ಳುತ್ತಿದ್ದಳು. ಒಂದೆರಡು ಸಲವಲ್ಲ, ಪೂರಾ ಎರಡು ವರ್ಷ. ಕ್ಲೋಡೆಟ್‌ಳ ಗಂಡ ರೊಸೇರ್, "ನನ್ನ ಹೆಂಡತಿ ಮುಖ ನೋಡ್ಬೇಕಾದ್ರೆ ನಾನು ಕಾರ್ಖಾನೆ ಗೇಟಿಗೇ ಹೋಗ್ಬೇಕು" ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಆದರೆ ಒಮ್ಮೆಯೂ ಬೇಡ ಎನ್ನಲಿಲ್ಲ.

ಈಗ ನೋಯೆಲಾ ಅದೇ ಕಮ್ಯುನಿಟಿ ಕಾಲೇಜಿನಲ್ಲಿ ಹೊಸ ವೃತ್ತಿ ತರಬೇತಿಗಳನ್ನು ರೂಪಿಸುವ ಕೆಲಸದಲ್ಲಿದ್ದಳು. ಮುಂದಿನ ಮೇ ತಿಂಗಳಲ್ಲಿ ಕಾರ್ಖಾನೆಯ ಐದನೇ ಯಂತ್ರ ನಿಲ್ಲುತ್ತದೆಂದು ಸುದ್ದಿ ಬಂದಿತ್ತು. ಅದು ಕ್ಲೋಡೆಟ್ ದುಡಿಯುತ್ತಿದ್ದ ಯಂತ್ರ, ಅದರ ಜೊತೆ ಅವಳ ಕೆಲಸವೂ ಹೋಗುತ್ತಿತ್ತು. ಇತ್ತ ನದಿಯುದ್ದದ ಊರುಗಳಲ್ಲಿ ಕುಡಿಯುವ ನೀರು ಶುದ್ಧಮಾಡುವ ಘಟಕದವರೆಲ್ಲ ತಲೆ ನೆರೆತವರು. ಅವರು ನಿವೃತ್ತರಾಗಿ ಮನೆಗೆ ಹೋದರೆ ಆ ಕೆಲಸ ಬಲ್ಲವರಿಲ್ಲ. ಯಂತ್ರದ ಸುದ್ದಿ ಬರುವ ಮೊದಲೇ ನೋಯೆಲಾ ಇದಕ್ಕಾಗಿ ಒಂದೂವರೆ ವರ್ಷ ಊರೂರು ಅಲೆದಿದ್ದಳು. ಪಂಪಿನ ಮನೆಗಳಲ್ಲಿ ನಿಂತುಕೊಂಡೇ ಕಾಫಿ ಕುಡಿದು, "ಹೊಸಬರಿಗೆ ಏನು ಗೊತ್ತಿರಬೇಕು?" ಎಂದು ಕೇಳಿ ಕೇಳಿ ಬರೆದುಕೊಂಡು, ಎರಡು ಸೆಮಿಸ್ಟರಿನ ಪಾಠಕ್ರಮ ಕಟ್ಟಿ ರಾಜ್ಯದ ಒಪ್ಪಿಗೆಯನ್ನೂ ತಂದಿದ್ದಳು. ಕಲಿತವರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತೇವೆಂದು ಒಂಬತ್ತು ಊರಿನವರು ಕಾಗದ ಬರೆದುಕೊಟ್ಟಿದ್ದರು.

ಎಲ್ಲ ಇತ್ತು. ಕಲಿಯುವವರೇ ಇರಲಿಲ್ಲ. ಆಗಸ್ಟ್ ಕೊನೆಯ ಶುಕ್ರವಾರದೊಳಗೆ ಹತ್ತು ಹೆಸರು ಬರದಿದ್ದರೆ ತರಗತಿ ರದ್ದು. ಬುಧವಾರಕ್ಕೆ ಮೂರು ಹೆಸರು ಬಂದಿದ್ದವು, ಕ್ಲೋಡೆಟ್‌ಳದು ಅದರಲ್ಲಿರಲಿಲ್ಲ.

ಆ ರಾತ್ರಿ ನೋಯೆಲಾ ಸೀದಾ ಅವಳ ಅಡುಗೆಮನೆಗೆ ಹೋದಳು. ಕ್ಲೋಡೆಟ್ ಒಲೆಯ ಮುಂದೆ ನಿಂತು ಪ್ಲಾಯ್ ಎಂಬ, ಅವರ ಕಡೆಯ ಹಳದಿ ಹಿಟ್ಟಿನ ದೋಸೆ ಹುಯ್ಯುತ್ತಿದ್ದಳು.

"ಕಾರ್ಖಾನೆಯ ನೋಟಿಸ್ ಹಲಗೆ ಮೇಲೆ ಹಾಳೆ ಅಂಟಿಸಿದ್ನಲ್ಲ, ಯಾರೂ ನೋಡ್ಲಿಲ್ವಾ?"

"ಎಲ್ರೂ ನೋಡಿದ್ರು. ನೋಡಿ ನಕ್ಕು ಹೋದ್ರು."

"ನಗೋದೇನಿದೆ ಅದರಲ್ಲಿ?"

"ಮಂಗಳವಾರ, ಗುರುವಾರ, ಸಂಜೆ ಏಳು ಗಂಟೆ" ಎಂದು ಕ್ಲೋಡೆಟ್ ರಾಗ ಎಳೆದಳು. "ಯಾರಿಗೆ ತಾಯಿ ಈ ಕ್ಲಾಸು? ಬ್ಯಾಂಕಿನವರಿಗಾ? ಈ ಮಂಗಳವಾರ ನನಗೆ ಹಗಲು, ಮುಂದಿನ ಮಂಗಳವಾರ ರಾತ್ರಿ. ಅರ್ಧ ಪಾಠ ಕೇಳಿ ಇನ್ನರ್ಧ ನೀರಿಗೆ ಬಿಡಬೇಕಾ? ನೀನೂ ಆಫೀಸಿನವಳಾಗಿಬಿಟ್ಟೆ ಬಿಡು."

ಹನ್ನೊಂದು ವರ್ಷ ಪಾಳಿ ಮಾಡಿದವಳು ನೋಯೆಲಾ. ಆದರೂ ಗೋಡೆಯ ಕ್ಯಾಲೆಂಡರಿನ ಮಂಗಳವಾರ ಎಲ್ಲರಿಗೂ ಒಂದೇ ಮಂಗಳವಾರ ಎಂದುಕೊಂಡುಬಿಟ್ಟಿದ್ದಳು. ಹತ್ತಿದ ಏಣಿಯನ್ನು ಬೇಕೆಂದು ಒದ್ದಿರಲಿಲ್ಲ. ಅದನ್ನು ಎಲ್ಲಿ ಒರಗಿಸಬೇಕೆಂಬುದನ್ನೇ ಮರೆತಿದ್ದಳು. "ಬೈಯಿ, ಇನ್ನೂ ಬೈಯಿ" ಎಂದಳು.

"ಬೈದು ಆಯ್ತು. ತಿನ್ನು, ಆರಿಹೋಗುತ್ತೆ."

ಮರುದಿನ ಬೆಳಿಗ್ಗೆ ಅವಳು ಡೀನ್ ವಿಟ್‌ಕಂ ಅವರ ಮುಂದೆ ನಿಂತು ತನ್ನ ಹೊಸ ಲೆಕ್ಕ ಹೇಳಿದಳು. ಅದೇ ದಿನ ಅದೇ ಪಾಠ, ಮಧ್ಯಾಹ್ನ ಎರಡಕ್ಕೊಮ್ಮೆ, ಸಂಜೆ ಏಳಕ್ಕೊಮ್ಮೆ. ಹಗಲು ಪಾಳಿಯವರು ಆರಕ್ಕೆ ಬಿಟ್ಟು ಸಂಜೆ ಬರಲಿ. ರಾತ್ರಿ ಪಾಳಿಯವರು ನಿದ್ದೆ ಮುಗಿಸಿ ಮಧ್ಯಾಹ್ನ ಬರಲಿ.

"ಅದು ಎರಡು ತರಗತಿ ಆಯ್ತಲ್ಲಮ್ಮ. ಒಂದೊಂದಕ್ಕೂ ಹತ್ತು ಜನ ಬೇಕಾಗುತ್ತೆ" ಎಂದರು ಡೀನ್.

"ಎರಡಲ್ಲ ಸಾರ್, ಒಂದೇ. ಹಾಜರಿ ಪಟ್ಟಿ ಒಂದೇ, ಪರೀಕ್ಷೆ ಒಂದೇ. ಬಾಗಿಲು ಮಾತ್ರ ಎರಡು ಸಲ ತೆಗೀತೀವಿ."

"ಎರಡು ಸಲ ಪಾಠ ಮಾಡೋರು ಯಾರು?"

ಪಾಠ ಮಾಡಬೇಕಾದವರು ಆರ್ಮಾಂಡ್, ನಲವತ್ತು ವರ್ಷ ಊರಿಗೆ ನೀರು ಬಿಟ್ಟ ಮುದುಕರು. ನೋಯೆಲಾ ಅಲ್ಲಿಂದಲೇ ಫೋನ್ ಮಾಡಿ, ಡೀನ್‌ಗೂ ಕೇಳುವಂತೆ ಇಟ್ಟಳು.

"ಎರಡು ಸಲಾನಾ? ಒಳ್ಳೇದಾಯ್ತು ಮಗಳೇ" ಎಂದರು ಆರ್ಮಾಂಡ್. "ಎರಡನೇ ಸಲ ಹೇಳುವಾಗಲಾದ್ರೂ ನಾನು ಹೇಳ್ತಿರೋದು ನನಗೆ ಅರ್ಥ ಆಗುತ್ತೆ. ಮನೇಲಿದ್ರೆ ಇವಳು ಗ್ಯಾರೇಜ್ ಗುಡಿಸು ಅಂತಾಳೆ."

ಡೀನ್ ನಕ್ಕರು. ಬಹಳ ಹೊತ್ತು ನಿಯಮದ ಪುಸ್ತಕ ತಿರುವಿದರು. "ಹತ್ತು ಹೆಸರು. ನಾಳೆ ಐದು ಗಂಟೆ. ಅದರಾಚೆಗೆ ನನ್ನ ಕೈಲಿಲ್ಲ" ಎಂದರು.

ಆ ಸಂಜೆ ಪಾಳಿ ಬದಲಾಗುವ ಹೊತ್ತಿಗೆ ನೋಯೆಲಾ ಕಾರ್ಖಾನೆಯ ಗೇಟಿನ ಬಳಿ ಕಾರು ನಿಲ್ಲಿಸಿ, ಅದರ ಮೂತಿಯ ಮೇಲೆ ಅರ್ಜಿಗಳನ್ನು ಹರಡಿದಳು. ಒಳಗೆ ಹೋಗುವವರು, ಹೊರಗೆ ಬರುವವರು ಎಲ್ಲರೂ ಒಟ್ಟಿಗೆ ಇರುವುದು ಆ ಕಾಲು ಗಂಟೆ ಮಾತ್ರ. ಅವಳು ಬಾಯಿ ತೆರೆಯುವ ಮೊದಲೇ ಕ್ಲೋಡೆಟ್ ಊಟದ ಡಬ್ಬಿ ಹಿಡಿದುಕೊಂಡು ಹೊರಗೆ ಬಂದು ಕೂಗು ಹಾಕಿದಳು:

"ಏಯ್, ಬನ್ರೋ ಇಲ್ಲಿ! ನೋಯೆಲಾಗೆ ಬುದ್ಧಿ ಬಂದಿದೆ. ಯಾವ ಶಿಫ್ಟಿದ್ರೂ ಕ್ಲಾಸು ತಪ್ಪಲ್ವಂತೆ."

"ಪರೀಕ್ಷೇಲಿ ಕಾಪಿ ಹೊಡೆಯೋಕೆ ಬಿಡ್ತಾರಾ?" ಎಂದ ಒಬ್ಬ.

"ನಿನಗೆ ಕಾಪಿ ಹೊಡೆಯೋಕೂ ಓದೋಕೆ ಬರಬೇಕಲ್ಲೋ" ಎಂದಳು ಕ್ಲೋಡೆಟ್. ಅವನು ನಗುತ್ತಲೇ ಸಹಿ ಹಾಕಿದ.

ಆರು ಜನ ಬರೆದರು. ಹಳೆಯ ಮೂರು ಸೇರಿ ಒಂಬತ್ತು. ಸೈರನ್ ಕೂಗಿತು, ಗೇಟು ಖಾಲಿಯಾಯಿತು. ನೋಯೆಲಾ ಒಂದು ಹಾಳೆಯನ್ನು ಕ್ಲೋಡೆಟ್‌ಳತ್ತ ಸರಿಸಿದಳು. ಕ್ಲೋಡೆಟ್ ಅದನ್ನು ಹಿಂದಕ್ಕೆ ತಳ್ಳಿದಳು.

"ನನಗೆ ಐವತ್ತೆಂಟು ಕಣೆ. ಹತ್ತನೇ ತರಗತಿ ಬಿಟ್ಟು ಬಂದವಳು. ಭಿನ್ನರಾಶಿ ಅಂದ್ರೆ ಮೈ ನಡುಗುತ್ತೆ. ಬೇರೆ ಯಾರಾದ್ರೂ ಚಿಕ್ಕವರನ್ನ ಹುಡುಕು. ನಾಳೆ ತನಕ ಟೈಮಿದೆಯಲ್ಲ."

"ಚಿಕ್ಕವರಿಗೋಸ್ಕರ ಮಾಡಿದ್ದಲ್ಲ ಇದು."

"ಹಳೇದೆಲ್ಲ ಎತ್ಬೇಡ. ನಾನೇನು ಸಾಲ ಕೊಟ್ಟಿದ್ನಾ?"

"ಸಾಲ ಆಗಿದ್ರೆ ಯಾವತ್ತೋ ತೀರಿಸಿ ಕೈ ತೊಳ್ಕೊಂಡಿರ್ತಿದ್ದೆ" ಎಂದಳು ನೋಯೆಲಾ. "ನನ್ನ ಮಕ್ಕಳು ಮೂರು ಹೊತ್ತು ಉಂಡು ಬೆಳೆದದ್ದು ಆ ಸರ್ಟಿಫಿಕೇಟಿಂದ. ಅದರ ಮೇಲೆ ನನ್ನ ಹೆಸರಿದೆ, ನಿನ್ನ ನಿದ್ದೆ ಇದೆ. ಒಂದು ಸಲಾನೂ ನಿನಗೆ ಸರಿಯಾಗಿ ಥ್ಯಾಂಕ್ಸ್ ಹೇಳ್ಲಿಲ್ಲ ನಾನು. ಹೇಳೋದು ಹೇಗೆ ಅಂತ ಗೊತ್ತಾಗ್ಲಿಲ್ಲ. ಭಿನ್ನರಾಶಿ ನಾನು ಹೇಳಿಕೊಡ್ತೀನಿ. ಭಾನುವಾರ ಭಾನುವಾರ ಬರ್ತೀನಿ."

ಕ್ಲೋಡೆಟ್ ಗೇಟಿನ ಕಡೆ ತಿರುಗಿ ಮೂಗು ಒರೆಸಿಕೊಂಡಳು. "ರೊಸೇರ್‌ಗೆ ಈಗ ಗೊಣಗೋಕೆ ಇನ್ನೊಂದು ನೆಪ ಸಿಕ್ಕಿತು. ಪೆನ್ನು ಕೊಡು" ಎಂದಳು.

ತರಗತಿ ಸೆಪ್ಟೆಂಬರಿನಲ್ಲಿ ಶುರುವಾಯಿತು. ಕ್ಲೋಡೆಟ್ ಒಂದು ವಾರ ಸಂಜೆ ಬಂದಳು, ಇನ್ನೊಂದು ವಾರ ಮಧ್ಯಾಹ್ನ ಬಂದಳು. ಭಿನ್ನರಾಶಿಯಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲ ದಾಟಿದಳು. ಮೇ ತಿಂಗಳವರೆಗೂ ಅವಳು ಯಾರ ಬಳಿಯೂ ಪಾಳಿ ಬದಲಾಯಿಸಿಕೊಡಿ ಎಂದು ಕೇಳಲಿಲ್ಲ. ನೋಯೆಲಾ ಕೊಟ್ಟ ಮಾತು ನಡೆಯಿತು.